ಹಡಗಿನ ಚಿತ್ರದ ಕಪ್ಪು ಚುಕ್ಕೆ

ಹೊಳೆ ಕಡಲನ್ನು ಸೇರುವ ಕಡೆ ಪದ್ಮಯ್ಯ ಎಂಬ ಗುರುಗಳ ಆಶ್ರಮವಿತ್ತು. ಅಲ್ಲಿ ಧ್ಯಾನವೆಂದರೆ ಚಿತ್ರ ಬರೆಯುವುದೇ. ಆದರೆ ಈಗ ಗುರುಗಳಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಅವರೇ ಹಿಂದೆ ಬರೆದ ‘ಜಲಗೌರಿ’ ಎಂಬ ದೊಡ್ಡ ಪ್ರಯಾಣಿಕರ ಹಡಗಿನ ಚಿತ್ರ ಗೋಡೆಯ ಮೇಲಿತ್ತು. ದೀಪದ ಮಸಿ ಹಿಡಿದಿದ್ದ ಅದನ್ನು ಶುಚಿಮಾಡುವ ಕೆಲಸ ಶಿಷ್ಯ ಕುಸುಮಾಕರನದು. ಅವನು ಅಚ್ಚುಕಟ್ಟಿನವನು. ತಪ್ಪಾಗಬಾರದೆಂದು, ಬಟ್ಟೆ ಹಿಡಿಯುವ ಮೊದಲೇ ಆ ಹಡಗಿನ ಚರಿತ್ರೆಯನ್ನೆಲ್ಲ ಓದಿಕೊಂಡಿದ್ದ.

"ಆಯಿತು ಗುರುಗಳೇ. ಹಡಗು ನಿನ್ನೆ ನೀರಿಗಿಳಿದ ಹಾಗಿದೆ."

"ಚರಿತ್ರೆಯನ್ನೂ ಓದಿದೆಯಂತೆ. ಹೇಳು."

"ಉದ್ದ ಐನೂರ ಇಪ್ಪತ್ತು ಅಡಿ. ಹೊಗೆಕೊಳವೆ ಮೂರು. ಹನ್ನೊಂದು ವರ್ಷ ಓಡಿ, ಹನ್ನೆರಡನೆಯ ವರ್ಷ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಸತ್ತವರ ಹೆಸರೆಲ್ಲ ಬಾಯಿಪಾಠ."

"ಪರವಾಗಿಲ್ಲ. ಅದನ್ನು ಬರೆದವನಿಗಿಂತ ನೀನೇ ಹತ್ತಿರದ ನೆಂಟ."

ಕುಸುಮಾಕರ ಉಬ್ಬಿದ. "ಒಂದು ತಪ್ಪನ್ನೂ ಸರಿಮಾಡಿದೆ. ತೀರ ಕೆಳಗಿನ ತೆರೆದ ಅಂತಸ್ತಿನಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆಯಿತ್ತು. ಅಲ್ಲಿಗೆ ಪ್ರಯಾಣಿಕರು ಬರುವಂತಿರಲಿಲ್ಲ. ಮಸಿಯೇ ಇರಬೇಕೆಂದು ಉಗುರಿನಿಂದ ಕೆರೆದು ತೆಗೆದೆ."

ಗುರುಗಳು ತಡಕಾಡುತ್ತ ಗೋಡೆಯ ಬಳಿ ಬಂದರು. ಹಡಗಿನ ಕೆಳಭಾಗವನ್ನು ಬೆರಳಿನಿಂದ ಸವರಿದರು. ಒಣಗಿದ ಬಣ್ಣದ ಉಬ್ಬು ಅಲ್ಲಿರಲಿಲ್ಲ. ಮತ್ತೊಮ್ಮೆ ಸವರಿದರು.

"ಅದು ನನ್ನ ತಮ್ಮ," ಎಂದರು. "ಒಲೆಗೆ ಕಲ್ಲಿದ್ದಲು ಹಾಕುವವನು. ಗಾಳಿ ಕುಡಿಯಲು ಅಲ್ಲಿಗೆ ಬರುತ್ತಿದ್ದ."

ಕುಸುಮಾಕರ ಬಾಯಿಪಾಠ ಮಾಡಿದ್ದ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕಿದ.

"ಪಟ್ಟಿಯಲ್ಲಿ ಒಲೆಯ ಕೆಲಸದವರು ಯಾರೂ ಇಲ್ಲ," ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಕಲ್ಲಿದ್ದಲಿನವರ ಹೆಸರು ಯಾರೂ ಬರೆದುಕೊಂಡಿರಲಿಲ್ಲ. ಅವನಿದ್ದದ್ದು ಇಲ್ಲಿ ಮಾತ್ರ."

"ನನ್ನನ್ನು ಆಚೆಗೆ ಕಳಿಸಿಬಿಡಿ ಗುರುಗಳೇ."

ಗುರುಗಳು ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿ ಅವನ ಕೈಗಿಟ್ಟರು. "ನನಗೆ ಕಣ್ಣಿಲ್ಲ. ಅವನನ್ನು ಕಡೆಯ ಸಲ ನೋಡಿದವನು ನೀನು."

ಶಿಷ್ಯ ಕುಂಚ ಹಿಡಿದು ಚಿತ್ರದತ್ತ ಬಾಗಿದ. ಚುಕ್ಕೆಯಿದ್ದ ಜಾಗ ಅವನಿಗೆ ಮರೆತೇಹೋಗಿತ್ತು. "ಜಾಗ ತಪ್ಪಿ ಬೇರೆ ಯಾರನ್ನೋ ನಿಲ್ಲಿಸಿಬಿಟ್ಟರೆ?"

"ಹಡಗು ಕಡೆಯ ಸಲ ಹೊರಟಾಗ ನಾನು ದಡದಲ್ಲಿದ್ದೆ. ಅಷ್ಟು ದೂರಕ್ಕೆ ನನಗೆ ಕಂಡದ್ದೂ ಒಂದು ಚುಕ್ಕೆಯೇ. ಅದು ಕೈ ಬೀಸಿತು, ನಾನೂ ಬೀಸಿದೆ. ನನ್ನ ತಮ್ಮನಲ್ಲದಿದ್ದರೆ ಯಾರ ತಮ್ಮನೋ ಇರಬೇಕು. ಇಡು."