ನೀಲಿ ಹೂವಿಗೆ ಹಳದಿ ಕಣ್ಣು ಮೂಡಿದ್ದು

ಭೂಮಿ ಇನ್ನೂ ಹಸಿಹಸಿಯಾಗಿತ್ತು. ತಾವು ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೇ ಗೊತ್ತಿರಲಿಲ್ಲ. ಆ ಕಾಲದಲ್ಲಿ ಒಂದು ಪುಟ್ಟ ಕೆರೆಯ ದಂಡೆಯಲ್ಲಿ ಬೆಸ್ತರ ತಿಪ್ಪವ್ವ ಇದ್ದಳು. ಆಗಾಗ ಮೇಲೆ ಬಂದು ಗಾಳಿ ಕುಡಿಯುವ ಕೆರೆಯ ಕುಚ್ಚು ಮೀನು ಅವಳ ಗೆಳತಿ.

ಒಂದು ದಿನ ಮೀನು ಮೇಲೆ ಬಂದಿತು. ಅದರ ಸುತ್ತ ಕೆಂಪು ಕೆಂಪು ಮರಿಗಳು.

"ತಿಪ್ಪವ್ವಾ, ಬಿಸಿಲಿಗೆ ಮಕ್ಕಳು ಬೇಯ್ತಾವೆ ಕಣೆ. ಒಂಚೂರು ನೆರಳು ಸಿಗ್ತದಾ?"

"ಅಳಬೇಡ್ವೇ, ತರ್ತೀನಿ."

ತಿಪ್ಪವ್ವ ಹರಿಗೋಲು ಹೊತ್ತು ದೂರದ ಹೊಳೆಗೆ ಹೋದಳು. ಅಲ್ಲಿ ನೀರ ಮೇಲೆ ಗಿಡಗಳು ತೇಲುತ್ತಿದ್ದವು. ದುಂಡನೆಯ ಎಲೆ, ಉಬ್ಬಿದ ತೊಟ್ಟು, ತಿಳಿನೀಲಿ ಹೂ. ಆಗ ಆ ಹೂವಿಗೆ ಕಣ್ಣಿರಲಿಲ್ಲ.

ಗಾಳಿ ಹೇಳಿತು: "ಬೇಡ ತಿಪ್ಪವ್ವಾ. ಇಲ್ಲಿ ಒಂದು ಹುಳ ದಿನಾ ಇದನ್ನ ಮೇಯ್ತದೆ. ನಿನ್ನ ಕೆರೇಲಿ ಮೇಯೋರು ಯಾರು?"

"ಹೂವಿನ ಜೊತೆ ಹುಳಾನೂ ಹೊರಬೇಕಾ? ಹೋಗು, ಬೀಸೋ ಕೆಲಸ ನೋಡು!"

ಬೆಸ್ತರಲ್ಲಿ ಒಂದು ಕಟ್ಟಳೆಯಿತ್ತು. ಒಂದು ನೀರಿನಿಂದ ಎದ್ದ ಹರಿಗೋಲು ಮೂರು ದಿನ ಬಿಸಿಲಿನಲ್ಲಿ ಬೋರಲು ಮಲಗಿ ಒಣಗಬೇಕು, ಆಮೇಲೆಯೇ ಇನ್ನೊಂದು ನೀರಿಗೆ ಇಳಿಯಬೇಕು. ಆದರೆ ಒಣಗಿಸಿದರೆ ಗಿಡ ಬಾಡುತ್ತದಲ್ಲ! ತಿಪ್ಪವ್ವ ಒಣಗಿಸಲಿಲ್ಲ. ಹರಿಗೋಲು ತುಂಬ ಗಿಡ ತಂದು ಕೆರೆಗೆ ಬಿಟ್ಟಳು.

"ತಂಪಾಯ್ತು ಕಣೆ," ಎಂದಿತು ಮೀನು.

ತಿಪ್ಪವ್ವ ನಿಶ್ಚಿಂತೆಯಿಂದ ತವರಿಗೆ ಹೋದಳು. ಇತ್ತ ಒಂದು ಗಿಡ ವಾರಕ್ಕೆ ಎರಡಾಯಿತು. ಎರಡು ನಾಲ್ಕಾಯಿತು. ನಾಲ್ಕು ಎಂಟಾಯಿತು. ಮೇಯುವವರಿರಲಿಲ್ಲ.

ಎರಡು ಹುಣ್ಣಿಮೆ ಕಳೆದು ಅವಳು ಮರಳಿದಳು. ದಂಡೆಯಲ್ಲಿ ನಿಂತಳು. ದಾರಿ ತಪ್ಪಿದೆನೇ ಎಂದು ಹಿಂದೆ ತಿರುಗಿ ನೋಡಿದಳು. ಅದೇ ಹುಣಸೆಮರ, ಅದೇ ಬಂಡೆ. ಕೆರೆ ಮಾತ್ರ ಇರಲಿಲ್ಲ! ಈ ದಂಡೆಯಿಂದ ಆ ದಂಡೆಗೆ ಹಸಿರೋ ಹಸಿರು, ನೀಲಿಯೋ ನೀಲಿ. ಒಂದು ಹನಿ ನೀರೂ ಕಾಣದು.

ಹಸಿರಿನ ಅಡಿಯಿಂದ ಯಾರೋ ಬಡಿದರು.

"ತಿಪ್ಪವ್ವಾ, ಉಸಿರು... ಬಾಗಿಲು ತೆಗಿಯೇ!"

ಅವಳು ನೀರಿಗೆ ಧುಮುಕಿ ಎರಡೂ ಕೈಯಲ್ಲಿ ಗಿಡ ಕಿತ್ತಳು. ಒಂದು ಕಿಂಡಿಯಾಯಿತು. ತಾಯಿಮೀನು ಮೇಲೆ ಬಂದು ಗಾಳಿ ಗುಟುಕರಿಸಿತು. ಅದರ ಹಿಂದೆ ಮರಿಗಳು ಒಂದೊಂದಾಗಿ ಬಂದವು, ಹೊಟ್ಟೆ ಮೇಲಾಗಿ.

ಮೀನು ಬೈಯಲಿಲ್ಲ. "ನಾನು ಕೇಳಿದ್ದು ಒಂಚೂರು ನೆರಳು ಕಣೆ," ಎಂದಿತು ಅಷ್ಟೆ.

ಕಿಂಡಿಯ ಅಂಚಿನಲ್ಲಿದ್ದ ಹೂ ಬಾಗಿ ನೋಡಿತು. ತಾನೇ ಮಾಡಿದ್ದೆಂದು ಅದಕ್ಕೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ದಿಗಿಲಿಗೆ ಅದರ ಮೇಲಿನ ಎಸಳಿನಲ್ಲಿ ಹಳದಿ ಕಣ್ಣೊಂದು ತಟ್ಟನೆ ತೆರೆದುಕೊಂಡಿತು.

ಆ ಗಿಡವನ್ನೇ ನಾವು ಅಂತರಗಂಗೆ ಎನ್ನುತ್ತೇವೆ. ಕೆರೆ ದಂಡೆಗೆ ಹೋದಾಗ ನೋಡು ಮಗು: ಬೆಸ್ತರ ಹರಿಗೋಲು ಬಿಸಿಲಿನಲ್ಲಿ ಬೋರಲು ಮಲಗಿರುತ್ತದೆ, ಆ ನೀಲಿ ಹೂವಿನ ಹಳದಿ ಕಣ್ಣು ಇಂದಿಗೂ ಮುಚ್ಚಿಲ್ಲ.