ಬೇಯದಕ್ಕಿಗೆ ಆ ಹೆಸರು ಬಂದದ್ದು

ಗುಡ್ಡದ ಬುಡದ ಕೈಮರದಲ್ಲಿ ಬಸ್ಸಿನಿಂದ ಇಳಿದವರು ಊರಿನ ಹೆಸರು ಓದಿ ಒಮ್ಮೆ ನಗುತ್ತಾರೆ. ಹಸಿದು ಬಂದವರಾದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬೇಯದಕ್ಕಿ ಎಂಬ ಊರಲ್ಲಿ ಊಟ ಹೇಗಿದ್ದೀತು ಎಂಬ ಅವರ ಅನುಮಾನ ಸಹಜವಾದದ್ದೇ. ಆದರೆ ಎರಡು ತಿರುವು ಹತ್ತಿ ಮೇಲೆ ಬಂದರೆ ಬಿಸಿನೀರಿನ ಹೊಂಡದ ಸುತ್ತ ಐದು ಖಾನಾವಳಿಗಳಿವೆ, ಐದರಲ್ಲೂ ಹೊಟ್ಟೆಗೆ ಮೋಸವಿಲ್ಲ. ಮೆಟ್ಟಿಲ ಬಲಗಡೆ ಗೌರಕ್ಕನಲ್ಲಿ ಸಜ್ಜೆಯ ರೊಟ್ಟಿ, ಎಣಗಾಯಿ, ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ ಮೊಸರು. ಅದಕ್ಕೆ ಅಂಟಿಕೊಂಡಿರುವ ಹಂಪಣ್ಣನಲ್ಲಿ ನವಣಕ್ಕಿ ಅನ್ನ, ಕಟ್ಟಿನ ಸಾರು. ಖಾರ ಬೇಕೆನ್ನುವ ಧೈರ್ಯವಂತರು ಮೇಲಿನ ಸಾಲಿಗೆ ಹೋಗಲಿ, ಅಲ್ಲಿಯ ಗುರೆಳ್ಳು ಚಟ್ನಿಗೆ ಕಣ್ಣೀರು ಹಾಕದೆ ಎದ್ದವರನ್ನು ಊರು ಇನ್ನೂ ಕಂಡಿಲ್ಲ. ಕುಡಿಯಲು ಮೊದಲು ಬುಗ್ಗೆಯ ನೀರು. ಗಂಧಕದ ನಾತ ಹೊಡೆಯುವ ಆ ನೀರನ್ನು ಮೂಗು ಹಿಡಿದುಕೊಂಡು ಒಂದು ಲೋಟ ಇಳಿಸಿದರೆ ಕೀಲುನೋವು ಇಳಿಯುತ್ತದೆ, ಕಜ್ಜಿ ಒಣಗುತ್ತದೆ ಎನ್ನುತ್ತಾರೆ. ಆಮೇಲೆ ಕೆಟ್ಟ ಬಾಯಿ ಸರಿಮಾಡಿಕೊಳ್ಳಲು ಶುಂಠಿ ಜಜ್ಜಿ ಹಾಕಿದ ಮಜ್ಜಿಗೆಯುಂಟು, ಬೆಲ್ಲದ ಚಹಾ ಉಂಟು. ಎಲ್ಲಿ ಕೂತರೂ ಒಂದು ಮಾತ್ರ ತಪ್ಪುವುದಿಲ್ಲ. ರೊಟ್ಟಿ ಬರುವುದಕ್ಕೆ ಮೊದಲು ತಟ್ಟೆಯ ಮೂಲೆಗೆ ನಾಲ್ಕು ಕಾಳು ಹಸಿ ನವಣಕ್ಕಿ ಬೀಳುತ್ತದೆ. ಇದೇನೆಂದು ಕೇಳಿದರೆ ಬಡಿಸುವವರು "ಪದ್ಧತಿ ಐತ್ರಿ" ಎಂದಷ್ಟೇ ಹೇಳಿ ಮುಂದಿನ ಪಂಕ್ತಿಗೆ ಹೋಗುತ್ತಾರೆ. ಬಂದವರು ಆ ಕಾಳನ್ನು ಬೆರಳಿನಿಂದ ಬದಿಗೆ ಸರಿಸಿ ಊಟಕ್ಕೆ ಕೈ ಹಾಕುತ್ತಾರೆ.

ಹಿಂದೆ ಒಮ್ಮೆ, ಈ ರಸ್ತೆಯೂ ಮೆಟ್ಟಿಲೂ ಇಲ್ಲದ ಕಾಲದಲ್ಲಿ, ಬುಗ್ಗೆಗೆ ಹೆಸರೇ ಇರಲಿಲ್ಲವಂತೆ. ಸುತ್ತಿನ ಜನ ಬರೀ ಬಿಸಿನೀರು ಎನ್ನುತ್ತಿದ್ದರು. ಆಗ ಗುಡ್ಡದ ಮೇಲೆ ಇದ್ದದ್ದು ಒಂದೇ ಮನೆ, ಒಂದೇ ಒಲೆ. ಆ ಒಲೆಯ ಒಡತಿ ಮಾಳವ್ವ. ಮಕ್ಕಳಿಲ್ಲದ ವಿಧವೆ, ಕೈ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ರೋಗಿಗಳಿಗೆ ನುಚ್ಚು ಬೇಯಿಸಿ ಹಾಕುವುದು ಅವಳ ಗಂಡನ ಮನೆಯ ಹೆಂಗಸರಿಗೆ ತಲೆತಲಾಂತರದಿಂದ ಬಂದ ಕೆಲಸ. ಅದರ ಜೊತೆಗೆ ಇನ್ನೊಂದು ಕೆಲಸವೂ ಬಂದಿತ್ತು. ರೋಗದವರು ಬಂದಾಗ ತಮ್ಮ ಮನೆಯ ಒಂದು ಹಿಡಿ ನವಣಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತರಬೇಕು. ಹೊಂಡದ ದಂಡೆಯಲ್ಲಿ ಎರಡು ಕಲ್ಲುಗೂಟಗಳು. ಒಂದು ನೀರಿನ ನಡುವಿಗೆ ಚಾಚಿದ ಬಂಡೆಯ ತುದಿಯಲ್ಲಿ, ಇನ್ನೊಂದು ಬಡಗಣ ಬದಿಯಲ್ಲಿ. ಒಲೆಯ ಒಡತಿ ಗಂಟಿಗೆ ದಾರ ಕಟ್ಟಿ, ಯಾವುದಾದರೊಂದು ಗೂಟಕ್ಕೆ ಬಿಗಿದು, ನೀರಿಗೆ ಇಳಿಬಿಡಬೇಕು. ಬಂಡೆಯ ನೆರಳು ಒಂದು ಗೇಣು ಸರಿದ ಮೇಲೆ ಎತ್ತಿ ಬಿಚ್ಚಬೇಕು. ಅಕ್ಕಿ ಬೆಂದಿದ್ದರೆ ನೀರು ಒಪ್ಪಿತೆಂದು ಅರ್ಥ, ರೋಗಿ ಒಂಬತ್ತು ದಿನ ಇದ್ದು ಮಿಂದು ಕುಡಿದು ಅವಳ ಒಲೆಯ ಊಟ ಉಣ್ಣಬಹುದು. ಬೇಯದಿದ್ದರೆ ಇದು ನೀರಿಗೆ ಸೇರಿದ ರೋಗವಲ್ಲ. ಅಂಥವರು ಒಂದು ತುತ್ತನ್ನೂ ಉಣ್ಣದೆ ಹೊತ್ತು ಮುಳುಗುವುದರೊಳಗೆ ಗುಡ್ಡ ಇಳಿಯಬೇಕು, ವೈದ್ಯನಿದ್ದಲ್ಲಿಗೆ ಹೋಗಬೇಕು. ನೀರಿನ ಮಾತಿಗೆ ಎದುರು ಮಾತಿರಲಿಲ್ಲ.

ಹೊರಗಿನವರಿಗೆ ತಿಳಿಯದ ಸಂಗತಿಯೊಂದು ಇದರಲ್ಲಿತ್ತು. ಹೊಂಡದ ನೀರು ಕುದಿಯುವುದು ನಡುವಿನಲ್ಲಿ ಮಾತ್ರ. ಬಡಗಣ ಬದಿಯಲ್ಲಿ ಬಂಡೆಯ ಅಡಿಯಿಂದ ತಣ್ಣನೆಯ ಸೆಲೆಯೊಂದು ಬಂದು ಕೂಡುತ್ತದೆ, ಅಲ್ಲಿ ಇಡೀ ದಿನ ಬಿಟ್ಟರೂ ಅಕ್ಕಿ ಬೇಯುವುದಿಲ್ಲ. ಮಾಳವ್ವ ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಅತ್ತೆ ಇದನ್ನು ಕೈ ಹಿಡಿದು ತೋರಿಸಿದ್ದಳು. "ನೀರು ಏನೂ ಹೇಳೂದಿಲ್ಲವ್ವಾ, ನಾವು ಹೇಳಸ್ತೀವಿ. ಮಂದಿನ್ನ ಹೋಗ್ರಿ ಅಂದ್ರ ನಮ್ಮ ಮಾತು ಕೇಳೂದಿಲ್ಲ, ನೀರಿನ ಮಾತು ಕೇಳ್ತಾರ" ಎಂದಿದ್ದಳಂತೆ. ಯಾರ ಉಗುರು ನೀಲಿಯಾಗಿದೆ, ಯಾರ ಹುಣ್ಣು ನಾರುತ್ತಿದೆ, ಯಾರ ಹೊಟ್ಟೆಯಲ್ಲಿ ಗಡ್ಡೆ ಸಿಗುತ್ತದೆ, ಇವೆಲ್ಲವನ್ನು ಮಾತಾಡಿಸುತ್ತಲೇ ನೋಡಿ, ಮುಟ್ಟಿ, ತಿಳಿದುಕೊಳ್ಳುವುದನ್ನು ಅತ್ತೆಯೇ ಕಲಿಸಿದಳು. ನೀರಿನಿಂದ ವಾಸಿಯಾಗುವವರ ಗಂಟು ನಡುಗೂಟಕ್ಕೆ, ಆಗದವರದು ಬದಿಗೂಟಕ್ಕೆ. ಮಾಳವ್ವ ಹದಿನೆಂಟು ವರ್ಷ ಹೀಗೆ ಗಂಟು ಕಟ್ಟಿದಳು. ಬದಿಗೂಟಕ್ಕೆ ಕಟ್ಟಿದ ದಿನ ಅವಳು ತಾನೂ ಉಣ್ಣುತ್ತಿರಲಿಲ್ಲ. ಉಣ್ಣಿಸುವ ಕೈಯಿಂದಲೇ ಉಪವಾಸ ಕಳಿಸಬೇಕಲ್ಲ ಎಂದು ಮರುಗುತ್ತಿದ್ದಳು. ಹಾಗೆ ಹೋದವರಲ್ಲಿ ಕೆಲವರು ವರ್ಷ ಕಳೆದು, ಗುಣವಾಗಿ, ಒಂದು ಹೊರೆ ಕಟ್ಟಿಗೆ ಹೊತ್ತು ತಂದು ಅವಳ ಒಲೆಯ ಮುಂದೆ ಹಾಕಿ ಹೋಗುತ್ತಿದ್ದರು. ಅಂಥ ದಿನ ಅತ್ತೆಯ ಮಾತು ಸರಿಯೆಂದು ಅವಳಿಗೆ ಅನ್ನಿಸುತ್ತಿತ್ತು.

ಒಂದು ಬೇಸಗೆಯ ಬೆಳಗ್ಗೆ ಅವಳ ತಂಗಿ ಚಿನ್ನವ್ವ ಬಂದಳು. ತಾಯಿ ಸತ್ತಾಗ ಚಿನ್ನವ್ವ ಇನ್ನೂ ತೊಟ್ಟಿಲ ಕೂಸು, ಹತ್ತು ವರ್ಷದ ಮಾಳವ್ವನೇ ನುಚ್ಚು ಹಿಸುಕಿ ಉಣ್ಣಿಸಿ ಬೆಳೆಸಿದ್ದಳು. ಈಗ ಅವಳನ್ನು ಗಂಡ ಯಂಕಪ್ಪ ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿಸಿದ್ದ. ಕಾಲಿಗೆ ಜಾಲಿಮುಳ್ಳು ಮುರಿದು ತಿಂಗಳಾಗಿತ್ತು. ಎರಡು ಬೆರಳು ಕರ್ರಗಾಗಿದ್ದವು, ಮೈ ಸುಡುತ್ತಿತ್ತು. ಹೊಳೆಯಾಚೆ ಒಬ್ಬ ವೈದ್ಯನಿದ್ದ. ಕೊಳೆತದ್ದನ್ನು ಕೊಯ್ದು ಕಾಸಿದ ಕಬ್ಬಿಣದಿಂದ ಸುಟ್ಟು ಎಷ್ಟೋ ಜನರನ್ನು ಉಳಿಸಿದ್ದನಂತೆ. ಅಕ್ಕಿ ಬೇಯದಿದ್ದರೆ ಅಲ್ಲಿಗೆ ಹೋಗುವುದೆಂದು ಯಂಕಪ್ಪ ಗುಡ್ಡದ ಬುಡದಲ್ಲಿ ಬಂಡಿಯ ಎತ್ತು ಬಿಚ್ಚದೆ ಬಂದಿದ್ದ. ಮಾಳವ್ವ ತಂಗಿಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ನೋಡುವುದಕ್ಕೇನೂ ಉಳಿದಿರಲಿಲ್ಲ, ಮೂಗಿಗೇ ಗೊತ್ತಾಗಿತ್ತು. ಗಂಟು ತೆಗೆದುಕೊಂಡು ನೇರವಾಗಿ ಬದಿಗೂಟಕ್ಕೆ ಹೋದಳು. ದಾರ ಒಂದು ಸುತ್ತು ಬಿಗಿದದ್ದೂ ಆಯಿತು. ಆಗ ಹಿಂದಿನಿಂದ ಚಿನ್ನವ್ವ, "ಯಕ್ಕಾ, ನನ್ನ ಕಾಲು ಕೊಯ್ಯಾಕ ಬಿಡಬ್ಯಾಡ. ನಿನ್ನ ಕೈಲೆ ನಾಲ್ಕು ದಿನ ಉಣ್ಣಬೇಕಂತ ಬಂದೀನಿ" ಎಂದಳು. ಮಾಳವ್ವನ ಕೈ ಅಲ್ಲೇ ನಿಂತಿತು. ಹದಿನೆಂಟು ವರ್ಷ ಪರರ ಮಕ್ಕಳ ಮೇಲೆ ಕಲ್ಲಾಗಿದ್ದ ಕೈ ಅದು, ತಾನು ಸಾಕಿದವಳ ಮೇಲೆ ಕಲ್ಲಾಗಲಿಲ್ಲ. ಅವಳು ದಾರ ಬಿಚ್ಚಿದಳು, ಬಂಡೆಯ ತುದಿಗೆ ನಡೆದು ಹೋಗಿ ನಡುಗೂಟಕ್ಕೆ ಕಟ್ಟಿದಳು. ನೆರಳು ಸರಿದ ಮೇಲೆ ಬಿಚ್ಚಿದರೆ ಅಕ್ಕಿ ಮಲ್ಲಿಗೆಯ ಹಾಗೆ ಅರಳಿತ್ತು. ಯಂಕಪ್ಪ ಕಣ್ಣಿಗೊತ್ತಿಕೊಂಡು ಒಂದು ಅಗುಳು ಬಾಯಿಗೆ ಹಾಕಿಕೊಂಡ, ಕೆಳಗಿಳಿದು ಎತ್ತು ಬಿಚ್ಚಿ ಮೇಯಲು ಬಿಟ್ಟ.

ಆ ಮೊದಲ ಮೂರು ದಿನ ಮಾಳವ್ವನ ಬಾಳಿನಲ್ಲೇ ಅತಿ ಸುಖದ ದಿನಗಳಾಗಿದ್ದವು ಎನ್ನುತ್ತಾರೆ. ಬೆಳಗ್ಗೆ ನುಚ್ಚು ಮಜ್ಜಿಗೆ, ಮಧ್ಯಾಹ್ನ ಬಿಸಿ ರೊಟ್ಟಿಗೆ ಹಸಿ ಬೆಣ್ಣೆ, ಸಂಜೆ ಹೆಸರುಬೇಳೆಯ ತಿಳಿ. ಚಿನ್ನವ್ವ ಉಣ್ಣುತ್ತ ಉಣ್ಣುತ್ತ ಚಿಕ್ಕಂದಿನ ಮಾತು ತೆಗೆದು ನಗುತ್ತಿದ್ದಳು. ಅಷ್ಟರಲ್ಲಿ ಕಪ್ಪು ಬೆರಳು ದಾಟಿ ಪಾದಕ್ಕೆ ಬಂತು, ಆರನೆಯ ದಿನ ಪಾದದ ಕೀಲು ಮುಟ್ಟಿತು. ಅಂದು ಮಾಳವ್ವ ಬಾಗಿಲು ಮುಂದಕ್ಕೆಳೆದು, ತಂಗಿಯ ಪಕ್ಕ ಕೂತು, ಎಂದೂ ಯಾರಿಗೂ ಹೇಳದ ಮಾತನ್ನು ಹೇಳಿದಳು. "ಚಿನ್ನವ್ವಾ, ನಿನ್ನ ಗಂಟು ನಡುಗೂಟಕ್ಕ ಕಟ್ಟಿದಾಕಿ ನಾನೇ. ಅಲ್ಲಿ ಯಾರದು ಕಟ್ಟಿದ್ರೂ ಬೇಯತೈತಿ. ನೀರು ನಿನಗ ಏನೂ ಹೇಳಿಲ್ಲ. ಇನ್ನೂ ಹೊತ್ತೈತಿ, ಬಂಡಿ ಹೂಡಸ್ತೀನಿ, ಏಳು."

ಚಿನ್ನವ್ವ ಗೋಡೆಯ ಕಡೆ ಹೊರಳಿದಳು. "ಆರು ದಿನ ಉಣ್ಣಾಕ ಹಾಕಿದ್ದು ನಿನಗ ಭಾರ ಆತೇನಕ್ಕಾ? ಹಂಗಿದ್ರ ಹಂಗ ಹೇಳು. ನೀರಿನ ಮ್ಯಾಲ ಯಾಕ ಹಾಕ್ತಿ?"

ಅದಕ್ಕಿಂತ ದೊಡ್ಡ ಏಟು ಮಾಳವ್ವನಿಗೆ ಬಿದ್ದಿರಲಾರದು. ಆದರೂ ಅವಳು ಬಿಡಲಿಲ್ಲ. ಯಂಕಪ್ಪನನ್ನು ಹೊಂಡಕ್ಕೆ ಎಳೆದುಕೊಂಡು ಹೋಗಿ, ಅವನ ಎದುರಿಗೇ ಚಿನ್ನವ್ವನ ಮನೆಯ ಅಕ್ಕಿಯನ್ನು ಮತ್ತೊಂದು ಗಂಟು ಮಾಡಿ ಬದಿಗೂಟಕ್ಕೆ ಇಳಿಬಿಟ್ಟಳು. ಎತ್ತಿದಾಗ ಕಾಳು ಹಾಗೆಯೇ ಇತ್ತು, ಹಲ್ಲಿಗೆ ಕಟಕಟ ಎನ್ನುತ್ತಿತ್ತು. ಯಂಕಪ್ಪ ಅದನ್ನು ನೋಡಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. "ಒಮ್ಮೆ ಕೇಳಿದ್ದನ್ನ ಮತ್ತ ಕೇಳಿದ್ರ ನೀರು ಸಿಟ್ಟಾಗತೈತ್ರಿ ಅಕ್ಕಾರ. ಬೆಂದ ಅಕ್ಕಿ ನಾ ಬಾಯಾಗ ಹಾಕ್ಕೊಂಡೀನಿ. ಇನ್ನ ಕೇಳಬ್ಯಾಡ್ರಿ" ಎಂದು ಕೈಮುಗಿದ. ಪಾಪ, ಅವನು ಕೆಟ್ಟವನಲ್ಲ. ನೀರು ಸುಳ್ಳು ಹೇಳದೆಂದು ಅವನ ಹತ್ತು ತಲೆಮಾರು ನಂಬಿತ್ತು. ಆ ನಂಬಿಕೆಯನ್ನು ಕಟ್ಟಿ ಬೆಳೆಸಿದವರು ಮಾಳವ್ವನ ಮನೆಯ ಹೆಂಗಸರೇ. ಅದನ್ನು ಒಂದು ಹಗಲಿನಲ್ಲಿ ಕೆಡವುವ ಶಕ್ತಿ ಅವಳಿಗಿರಲಿಲ್ಲ. ಕೊನೆಗೆ ಅವಳು ತಂಗಿಯನ್ನು ತಾನೇ ಹೊತ್ತು ಇಳಿಸಲು ಹೋದಳಂತೆ. ಚಿನ್ನವ್ವ ಒರಳುಕಲ್ಲನ್ನು ಎರಡು ಕೈಯಿಂದ ತಬ್ಬಿ ಹಿಡಿದಳು, ಬರಲಿಲ್ಲ.

ಒಂಬತ್ತನೆಯ ದಿನದ ನೀರು ಕುಡಿದು ಚಿನ್ನವ್ವ, "ಮುಗೀತಲ್ಲಕ್ಕಾ, ನಾಳಿಗೆ ಊರಿಗೆ ಹೋಗೂಣು" ಎಂದಳು. ಅಂದು ಸಂಜೆ ಮಾಳವ್ವ ನುಚ್ಚು ಆರಿಸಿ ತಂಗಿಯ ಬಾಯಿಗಿಟ್ಟಾಗ ತುತ್ತು ಒಳಗೆ ಹೋಗಲಿಲ್ಲ. ಹೆಣವನ್ನು ಬಂಡಿಯಲ್ಲಿಟ್ಟುಕೊಂಡು ಹೊರಟ ಯಂಕಪ್ಪ ದಾರಿಯ ಊರೂರಲ್ಲಿ, ಕತ್ತಿ ಕಬ್ಬಿಣ ಸೋಕದಂತೆ, ಮುಖ ಬಾಡದಂತೆ ಕೊನೆಯ ಗಳಿಗೆಯವರೆಗೂ ನೀರು ಅವಳನ್ನು ಕಾಪಾಡಿತು ಎಂದು ಹೇಳಿಕೊಂಡು ಹೋದ. ಬುಗ್ಗೆಯ ಕೀರ್ತಿ ಹೊಳೆಯಾಚೆಗೂ ಹಬ್ಬಿತು, ವೈದ್ಯನ ಕಡೆ ಹೋಗುತ್ತಿದ್ದವರೂ ಗುಡ್ಡದ ಕಡೆ ತಿರುಗಿದರು.

ಮಾಳವ್ವ ಮಾತ್ರ ಅಂದಿನಿಂದ ಒಲೆ ಹಚ್ಚಲಿಲ್ಲ. ಬದಿಗೂಟದ ಹತ್ತಿರ ಕೂತು, ಬಂದವರಿಗೆಲ್ಲ ಗುಟ್ಟು ಬಿಚ್ಚಿ ಹೇಳತೊಡಗಿದಳು. ತಂಗಿ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಎಂದು ಕೆಲವರು ಮರುಗಿದರು. ಉಳಿದವರು ಅವಳ ಮಾತಿನಲ್ಲಿ ತಮಗೆ ಬೇಕಾದಷ್ಟನ್ನು ಮಾತ್ರ ಆರಿಸಿಕೊಂಡರು. ನಡುಗೂಟದಲ್ಲಿ ಬೇಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಕೇಳಿಸಿತು. ಎಲ್ಲರೂ ತಮ್ಮ ಗಂಟನ್ನು ತಾವೇ ನಡುಗೂಟಕ್ಕೆ ಕಟ್ಟಿದರು, ಎಲ್ಲರ ಅಕ್ಕಿಯೂ ಬೆಂದಿತು, ಯಾರೂ ಗುಡ್ಡ ಇಳಿಯಲಿಲ್ಲ. ಅಷ್ಟು ಜನಕ್ಕೆ ಊಟ ಬೇಕಲ್ಲ, ಒಂದರ ಪಕ್ಕ ಒಂದು ಹೊಸ ಒಲೆ ಹೂಡಿದರು. ಮಾಳವ್ವ ಆ ಪಂಕ್ತಿಗಳ ನಡುವೆ ನಡೆಯುತ್ತ, ಉಗುರು ನೀಲಿಯಾದವರ, ಹುಣ್ಣು ನಾರುವವರ ಎಲೆಯ ಮೂಲೆಗೆ ನಾಲ್ಕು ಕಾಳು ಹಸಿ ಅಕ್ಕಿ ಹಾಕಿ, "ನಿಂದು ಬೆಂದಿಲ್ಲಪ್ಪಾ, ಹೋಗು. ನಿಂದು ಬೆಂದಿಲ್ಲವ್ವಾ, ಇವತ್ತೇ ಹೋಗು" ಎನ್ನುತ್ತಿದ್ದಳು. ಯಾರೊಬ್ಬರೂ ಎದ್ದು ಹೋದದ್ದನ್ನು ಹೇಳಿದವರಿಲ್ಲ. ಬೇಯದಕ್ಕಿ ಮಾಳವ್ವ ಬಂದಳು ಎಂದು ಜನ ನಗುತ್ತಿದ್ದರು. ಹೆಸರು ಅವಳಿಂದ ಬುಗ್ಗೆಗೆ, ಬುಗ್ಗೆಯಿಂದ ಊರಿಗೆ ಅಂಟಿಕೊಂಡಿತು. ಅವಳು ಸತ್ತ ಮೇಲೆ, ಪಾಪ ಅವಳ ನೆನಪಿರಲಿ ಎಂದು, ಖಾನಾವಳಿಯವರು ರೋಗಿ, ಗಟ್ಟಿಮುಟ್ಟು ಎಂದು ನೋಡದೆ ಎಲ್ಲರ ತಟ್ಟೆಗೂ ಆ ನಾಲ್ಕು ಕಾಳು ಹಾಕುತ್ತ ಬಂದರು. ಎಲ್ಲರಿಗೂ ಹಾಕಿದ್ದರಿಂದ ಅದು ಯಾರಿಗೆ ಹೇಳಿದ ಮಾತೂ ಅಲ್ಲದಂತಾಯಿತು.

ಈಗಲೂ ಹೊಂಡದ ದಂಡೆಯಲ್ಲಿ ಎರಡೂ ಗೂಟಗಳಿವೆ. ನಡುಗೂಟ ಬಣ್ಣಬಣ್ಣದ ದಾರಗಳಲ್ಲಿ ಮುಚ್ಚಿಹೋಗಿದೆ. ಅಕ್ಕಿಯ ಗಂಟು ಮೆಟ್ಟಿಲ ಬಳಿಯ ಅಂಗಡಿಯಲ್ಲೇ ಸಿಗುತ್ತದೆ. ಬದಿಗೂಟದ ಕುತ್ತಿಗೆಯಲ್ಲಿ ಹಳೆಯ ದಾರಗಳು ತಿಕ್ಕಿ ತಿಕ್ಕಿ ಮಾಡಿದ ಬೆರಳಗಲದ ಗೆರೆಯಿದೆ, ದಾರವಿಲ್ಲ. ಬರುವವರಲ್ಲಿ ಸುಮ್ಮನೆ ತಿರುಗಾಡಲು ಬಂದವರೇ ಹೆಚ್ಚು. ಆದರೆ ದೊಡ್ಡಾಸ್ಪತ್ರೆಯವರು ಇಂಥ ದಿನ ಬಂದು ಸೇರಿರೆಂದು ಬರೆದುಕೊಟ್ಟ ಚೀಟಿಯನ್ನು ಚೀಲದ ತಳದಲ್ಲಿಟ್ಟುಕೊಂಡು ಬಂದವರೂ ಇರುತ್ತಾರೆ. ಅವರ ಅಕ್ಕಿಯೂ ಅರಳುತ್ತದೆ, ಅವರೂ ಕಣ್ಣಿಗೊತ್ತಿಕೊಳ್ಳುತ್ತಾರೆ, ಒಂಬತ್ತು ದಿನಕ್ಕೆ ಕೋಣೆ ಹಿಡಿಯುತ್ತಾರೆ. ಮಧ್ಯಾಹ್ನ ಗೌರಕ್ಕನಲ್ಲೋ ಹಂಪಣ್ಣನಲ್ಲೋ ಊಟಕ್ಕೆ ಕೂತಾಗ ತಟ್ಟೆಯ ಮೂಲೆಗೆ ಬಿದ್ದ ನಾಲ್ಕು ಕಾಳನ್ನು ಬೆರಳಿನಿಂದ ಬದಿಗೆ ಸರಿಸಿ, ಇನ್ನೊಂದು ರೊಟ್ಟಿ ಹಾಕಿರೆಂದು ಕೇಳುತ್ತಾರೆ.