ಬೆನ್ನ ಮೇಲಿನ ಗಾಳಿ

“ಗುರುಗಳೇ, ಹದಿನೆಂಟು ವರ್ಷ ಆರತಿ ಎತ್ತಿದ ನನಗೆ ಮೊನ್ನೆ ಬಂದವನು ಬುದ್ಧಿ ಹೇಳಬೇಕೇ?” ಎಂದು ಶಿಷ್ಯ ಕೇಳಿದ.

ಕೇಳಿದ್ದೇನು, ಕಿರುಚಿದ. ಅವನ ಹೆಸರು ರುದ್ರಮುನಿ, ಮಠದ ಶಿಷ್ಯರಲ್ಲೆಲ್ಲ ಹಿರಿಯ. ಆ ಬೆಳಿಗ್ಗೆ ಅವನು ಕರ್ಪೂರ ಹಚ್ಚದೆಯೇ ತಟ್ಟೆ ಎತ್ತಿ, ಕಣ್ಣು ಮುಚ್ಚಿ, ಮೂರು ಸುತ್ತು ಬೆಳಗಿದ್ದ. ಮಠಕ್ಕೆ ಸೇರಿ ತಿಂಗಳೂ ಆಗದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್, “ಅಯ್ಯನವರೇ, ಕರ್ಪೂರ ಹಚ್ಚಿಲ್ಲ” ಎಂದುಬಿಟ್ಟ. ಭಕ್ತರೆಲ್ಲ ನಕ್ಕರು. ಆಗಿನಿಂದ ರುದ್ರಮುನಿಗೆ ಮೈಯೆಲ್ಲ ಉರಿ. ನಕ್ಕವರ ಮೇಲಲ್ಲ, ಹೇಳಿದವನ ಮೇಲೆ.

“ಅವನನ್ನು ಇವತ್ತೇ ಕಳಿಸಿ. ಇಲ್ಲವಾದರೆ ನಾನೇ ಹೋಗುತ್ತೇನೆ.”

ಗುರುಗಳು ಕೂರಲು ಹೇಳಿದರು. ಅವನು ಕೂರಲಿಲ್ಲ. ನಿಂತವನಿಗೇ ಅವರು ಕತೆ ಹೇಳಿದರು.

ಒಬ್ಬ ಮುಳುಗುಗಾರನಿದ್ದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಅದರ ಕೊಳವೆಯನ್ನು ಬಾಯಲ್ಲಿ ಕಚ್ಚಿ ಕಡಲಿಗೆ ಇಳಿಯುವವನು. ಸಾವಿರ ಸಲ ಇಳಿದಿದ್ದ. ಅನುಭವ ತಲೆಗೇರಿದ ಮೇಲೆ ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತಿತ್ತು, ಗಮನ ಎಲ್ಲೋ ಇರುತ್ತಿತ್ತು. ಒಮ್ಮೆ ಕಾಲಿಗೆ ತೊಡುವ ರಬ್ಬರ್ ರೆಕ್ಕೆಗಳನ್ನು ದಡದಲ್ಲೇ ಬಿಟ್ಟು ನಡುಗಡಲಿಗೆ ಹೋದ. ಇನ್ನೊಮ್ಮೆ ಕನ್ನಡಕವನ್ನು ಹಣೆಗೇರಿಸಿಕೊಂಡು ಅದಕ್ಕಾಗಿ ದೋಣಿಯೆಲ್ಲ ತಡಕಾಡಿದ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಮುಳುಗುವ ಅಂಗಿಯನ್ನು ಹಿಂದುಮುಂದಾಗಿ ತೊಟ್ಟು, ಕತ್ತು ಹಿಸುಕುತ್ತದೆ ಎಂದು ಹೊಲಿದವನಿಗೆ ಶಾಪ ಹಾಕಿದ್ದೂ ಉಂಟು. ತಪ್ಪು ತೋರಿಸಿದವರಿಗೆಲ್ಲ ಬೈಗುಳವೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಬರಬರುತ್ತ ದೋಣಿಯವರು ಹೇಳುವುದನ್ನೇ ಬಿಟ್ಟರು. ಯಾರೂ ಏನೂ ಅನ್ನದಿದ್ದುದರಿಂದ ತಾನೀಗ ತಪ್ಪು ಮಾಡುತ್ತಿಲ್ಲ ಎಂದು ಅವನು ತಿಳಿದ.

ಆ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ನೀರಿಗೆ ಹಾರುವ ಮುನ್ನ ಜೊತೆಗಾರರಿಬ್ಬರು ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟಿ ನೋಡಬೇಕು. ಸಿಲಿಂಡರಿನ ಗಾಳಿ ಬಿಡುವ ವಾಲ್ವ್ ಇರುವುದು ಬೆನ್ನ ಹಿಂದೆ. ತನ್ನದು ತನಗೆ ಕಾಣುವುದಿಲ್ಲ.

ಒಂದು ದಿನ ಹೊಸಬಳೊಬ್ಬಳು ಅವನ ಜೊತೆಗಾತಿಯಾದಳು. ಅವನು ಸಿಲಿಂಡರನ್ನು ಬೆನ್ನಿಗೇರಿಸುವ ಮುನ್ನ ವಾಲ್ವ್ ತೆರೆದು ಗಾಳಿ ಪರೀಕ್ಷಿಸಿದ, ಮುಚ್ಚಿದ, ಹರಟೆಗೆ ಬಿದ್ದ, ಮತ್ತೆ ತೆರೆಯುವುದನ್ನು ಮರೆತು ಹಾಗೆಯೇ ಬೆನ್ನಿಗೆ ಕಟ್ಟಿಕೊಂಡ. ಅವಳು ನೋಡಿದಳು. ಕಟ್ಟಳೆಯಂತೆ ಅವನ ಬೆನ್ನಿಗೆ ಕೈ ಚಾಚಿದಳು.

“ಕೈ ತೆಗಿ! ನನ್ನನ್ನು ಪರೀಕ್ಷೆ ಮಾಡೋಕೆ ನೀನ್ಯಾರು?” ಎಂದು ಅವನು ಗದರಿದ. ಅವಳು ಕೈ ಹಿಂತೆಗೆದಳು. ಅವನು ಹಾರಿದ.

ಕೊಳವೆಯಲ್ಲಿ ಉಳಿದಿದ್ದ ಗಾಳಿ ಮೂರು ಉಸಿರಿಗೆ ಬಂತು. ನಾಲ್ಕನೆಯದಕ್ಕೆ ಬರಲಿಲ್ಲ. ಮುಳುಗಲೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿ ಅವನನ್ನು ಕೆಳಗೆ ಎಳೆಯುತ್ತಿತ್ತು. ಕೈ ಬೆನ್ನ ಹಿಂದಕ್ಕೆ ಎಟುಕಲಿಲ್ಲ. ಒಂದು ತಾಸಿಗೆ ಸಾಲುವಷ್ಟು ಗಾಳಿ ಬೆನ್ನ ಮೇಲೆಯೇ ಇತ್ತು, ಬಾಯಿಗೆ ಒಂದು ಉಸಿರೂ ಇರಲಿಲ್ಲ.

ಇಷ್ಟು ಹೊತ್ತು ನಿಂತಿದ್ದ ರುದ್ರಮುನಿ ಇಲ್ಲಿ ಕುಳಿತ.

ಹೊಸಬಳು ಅವನ ಹಿಂದೆಯೇ ಹಾರಿದಳು. ಪಟ್ಟಿ ಹಿಡಿದೆಳೆದು ವಾಲ್ವ್ ತಿರುಗಿಸಿದಳು. ದೋಣಿಗೆ ಹತ್ತಿಸಿದಾಗ ಅವನು ಉಪ್ಪುನೀರು ಕಾರುತ್ತಲೇ ಅವಳ ಮೇಲೆ ಹರಿಹಾಯ್ದ: “ನೋಡಿದ ಮೇಲೆ ಬಾಯಿಬಿಟ್ಟು ಹೇಳೋಕೆ ನಿನಗೇನು ರೋಗ? ಸತ್ತೇ ಹೋಗ್ತಿದ್ದೆನಲ್ಲ!”

ಅವಳಿಗೂ ರೇಗಿತ್ತು. “ನಿಮ್ಮ ಬೈಗುಳ ತಿನ್ನೋದಕ್ಕಿಂತ ನಿಮ್ಮ ಹಿಂದೆ ಸಮುದ್ರಕ್ಕೆ ಹಾರೋದೇ ಸುಲಭ ಅನ್ನಿಸಿತು” ಎಂದಳು.

ಗುರುಗಳು ಕತೆ ನಿಲ್ಲಿಸಿದರು. ರುದ್ರಮುನಿಯ ಕೋಪ ಇಳಿದಿರಲಿಲ್ಲ. ಅದು ಈಗ ದೋಣಿಯವರ ಕಡೆಗೆ ತಿರುಗಿತ್ತಷ್ಟೆ.

“ಅವನು ಮೂರ್ಖ, ಒಪ್ಪಿದೆ. ಆದರೆ ಅವನ ಜೊತೆಯವರು ಅವನಿಗಿಂತ ಕಡೆ. ತಪ್ಪು ಕಣ್ಣಿಗೆ ಕಂಡೂ ಬಾಯಿ ಮುಚ್ಚಿಕೊಂಡಿದ್ದರಲ್ಲ, ಅಂಥವರನ್ನು ಜೊತೆಗಾರರು ಅನ್ನುತ್ತಾರೆಯೇ?”

ಗುರುಗಳು ತಲೆ ತಗ್ಗಿಸಿ ಹೇಳಿದರು: “ಕರ್ಪೂರ ಹಚ್ಚಿಲ್ಲ ಎಂಬುದು ಬೆಳಿಗ್ಗೆ ನನಗೂ ಕಂಡಿತ್ತು, ರುದ್ರಮುನಿ, ನಿನಗೆ ಹೆದರಿ ಸುಮ್ಮನಿದ್ದೆ.”